ಮುಚ್ಚಳದ ಮೇಲಿನ ಹೆಸರು

ನನ್ನ ಮಗ ಅಭಯ ನಾನು ಮಾಡಿದ ತರಕಾರಿ ಮುಟ್ಟುವುದಿಲ್ಲ, ಕವನಾ ಮಾಡಿದ್ದನ್ನು ಬಾಚಿ ತಿನ್ನುತ್ತಾನೆ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯುತ್ತದೆ. ಒಂದೇ ಒಂದು ದಿನ ಅವನು “ಅಮ್ಮ, ಇನ್ನೂ ಸ್ವಲ್ಪ ಹಾಕು” ಅಂದರೆ ಸಾಕು ನನಗೆ.

ಕವನಾ ನನ್ನ ಓರಗಿತ್ತಿ. ಭದ್ರಾವತಿಯಲ್ಲಿ ಬಾಡಿಗೆ ಮನೆ, ಮೈದುನನದು ಗುತ್ತಿಗೆ ಕೆಲಸ. ಆಲ್ಕೊಳದ ನಮ್ಮ ಸಂಸಾರವೂ ಮೆರೆಯುವಂಥದ್ದೇನಲ್ಲ, ಬೀನ್ಸಿನ ಬೆಲೆ ಕೇಳಿ ಸುಮ್ಮನೆ ಮುಂದೆ ಹೋಗುವವಳು ನಾನು. ಆದರೆ ಅತ್ತೆ ತುಂಗಮ್ಮ ವಾರಕ್ಕೊಮ್ಮೆ ಅವಳ ಮನೆಗೆ ಹೋಗಿಬಂದರೆ ಸ್ಟೀಲ್ ಡಬ್ಬಿ ತುಂಬ ಪಲ್ಯ! ಮುಚ್ಚಳದ ಮೇಲೆ ‘ಕವನಾ’ ಅಂತ ಹೆಸರು ಬೇರೆ ಕೊರೆಸಿದ್ದಾಳೆ.

ಅವಳಿಗೆ ಅಷ್ಟು ತರಕಾರಿ ಎಲ್ಲಿಂದ? ಅತ್ತೆಯೇ ನಮ್ಮ ಮನೆಯಿಂದ ಸಾಗಿಸುತ್ತಾರೆ ಎಂದು ನನ್ನ ಅನುಮಾನ. ಮೊನ್ನೆ ಅವರು ಬಸ್ಸಿಗೆ ಹೊರಟಾಗ ಚೀಲಕ್ಕೆ ಕೈ ಹಾಕಿಯೇಬಿಟ್ಟೆ. ಹೂಕೋಸಿನ ದಂಟು, ಮೂಲಂಗಿ ಸೊಪ್ಪು, ತಳದಲ್ಲಿ ತೊಳೆದ ಡಬ್ಬಿ. ದಂಟು, ಸೊಪ್ಪು ಎರಡೂ ನಾನು ಕಸಕ್ಕೆಂದು ತೆಗೆದಿಟ್ಟಿದ್ದು.

“ಎಸೆಯೋದನ್ನ ತಗೊಂಡು ಹೋಗ್ತೀನಿ ಮಾರಾಯ್ತಿ. ಅದಕ್ಕೂ ನಿನ್ನ ಕೇಳ್ಬೇಕಾ?” ಅಂದರು ಅತ್ತೆ.

ನನ್ನ ಮನೆಯ ಕಸದಲ್ಲೇ ನನ್ನ ಮಗನನ್ನು ಒಲಿಸಿಕೊಂಡಿದ್ದಾಳೆ!

“ಈ ವಾರ ನೀವು ಹೋಗ್ಬೇಡಿ ಅತ್ತೆ,” ಎಂದು ಚೀಲ ಇಸಿದುಕೊಂಡೆ.

ದಂಟು, ಸೊಪ್ಪು ಸಣ್ಣಗೆ ಹೆಚ್ಚಿ, ಬೆಂದ ಕಡಲೆಬೇಳೆ ಹಾಕಿ, ಕಾಯಿತುರಿ ಉದುರಿಸಿ ಇಳಿಸಿದೆ. ಅತ್ತೆ ರುಚಿ ನೋಡಿ, “ಥೇಟ್ ಅವಳದ್ದೇ,” ಅಂದರು. ಹೊಗಳಿಕೆಯಲ್ಲೂ ಅವಳೇ.

ಸಂಜೆ ಶಾಲೆಯಿಂದ ಬಂದ ಅಭಯ ಬಾಣಲೆಗೆ ಇಣುಕಿ ಮುಖ ಸಿಂಡರಿಸಿದ. “ಇದು ಬೇಡ. ಚಿಕ್ಕಮ್ಮಂದು ಇಲ್ವಾ?”

ಅವನು ನಡುಮನೆಗೆ ಹೋಗಿ ಕೂತ ಮೇಲೆ ಅದೇ ಪಲ್ಯವನ್ನು ಕವನಾಳ ಡಬ್ಬಿಗೆ ತುಂಬಿದೆ. ಮುಚ್ಚಳ ಬಿಗಿದು, ಹೆಸರು ಕಾಣುವಂತೆ ಅವನ ಮುಂದಿಟ್ಟೆ. ಅತ್ತೆ ತಾವೇ ಅವನಿಗೆ ತಟ್ಟೆ ತಂದಿಟ್ಟರು.

ಅಭಯ ಎರಡು ತುತ್ತು ತಿಂದ. ತಟ್ಟೆ ಮುಂದೆ ಚಾಚಿದ.

“ಅಮ್ಮ, ಇನ್ನೂ ಸ್ವಲ್ಪ ಹಾಕು. ನೋಡು, ಪಲ್ಯ ಅಂದ್ರೆ ಹಿಂಗಿರ್ಬೇಕು. ಚಿಕ್ಕಮ್ಮನ ಹತ್ರ ಕಲ್ತ್ಕೋ.”

“ಆಯ್ತಪ್ಪ, ಕಲೀತೀನಿ,” ಎಂದು ಬಡಿಸಿದೆ.