ತುಕ್ಕಿನ ಮೇಲಿನ ಮುದ್ರೆ

ವ್ಯಾಪಾರಿ ಬೆಡ್‌ಶೀಟಿನ ಗಂಟು ಬಿಚ್ಚಿ ಎಣ್ಣೆ ಬಳಿದ ಹಳೆಯ ಕೋವಿಯನ್ನು ಹೊರತೆಗೆಯುತ್ತಿದ್ದ. ಪಕ್ಕದ ಕೋಣೆಯಲ್ಲಿ ಅವಳ ಗಂಡನನ್ನು ಮಲಗಿಸಿದ್ದರು. ಶವದ ವಾಹನ ಬರಲು ಇನ್ನೂ ಅರ್ಧ ಗಂಟೆಯಿತ್ತು.

"ನಿಮ್ಮ ಯಜಮಾನ್ರು ಮಂಗಳವಾರವೇ ಇದನ್ನ ನೋಡಿ ಅಸಲಿ ಅಂದಿದ್ರಮ್ಮ," ಎಂದ. "ಹಾಗಂತ ಪತ್ರ ಬರೆಯೋದೊಂದು ಬಾಕಿ. ಅವರ ಹೆಸರಿನ ಕಾಗದ ಮನೇಲಿ ಇದ್ದೇ ಇರುತ್ತೆ. ಹಳೇ ತಾರೀಕು ಹಾಕಿ ಒಂದು ಸಹಿ ಎಳೆದುಬಿಡಿ."

"ಸತ್ತವರ ಸಹೀನ?"

"ಅಣ್ಣನ ಸಹಿ ಹಾಕೋಕೆ ನಿಮಗೆ ಬರುತ್ತಲ್ಲ ಅತ್ತಿಗೆ," ಎಂದ ಮೈದುನ. ಬೆಳಗಿನಿಂದ ಅತ್ತು ಅವನ ಗಂಟಲು ಕಟ್ಟಿತ್ತು. ಈ ಮಾತು ಮಾತ್ರ ಸಲೀಸಾಗಿ ಹೊರಟಿತು. "ನಾಳೆ ನಿಮ್ಮನ್ನ ನೋಡೋರು ಯಾರು? ಇಂಥ ದೊಡ್ಡ ಮನುಷ್ಯರನ್ನ ಎದುರು ಹಾಕ್ಕೋಬೇಡಿ."

ಅವಳು ಮೇಜಿನ ದೀಪ ಹಾಕಿದಳು. "ಮೇಜಿನ ಮೇಲಿಡಿ," ಎಂದಳು.

*

ಸೈನ್ಯದ ಹಳೆಯ ಕೋವಿಗಳ ಮೇಲಿನ ಮುದ್ರೆ ಅಸಲಿಯೋ ನಕಲಿಯೋ ಎಂದು ಹೇಳುವುದೇ ಅವಳ ಗಂಡನ ಕಸುಬಾಗಿತ್ತು. ಮದುವೆಯಾದ ಹೊಸದರಲ್ಲಿ ಅವಳ ಕೈಗೆ ಭೂತಗನ್ನಡಿ ಕೊಟ್ಟಿದ್ದ.

"ಮುದ್ರೇಲಿರೋ ಕಿರೀಟ ಚೆನ್ನಾಗಿದೆ," ಎಂದಿದ್ದಳು ಅವಳು.

"ಚೆಂದ ನೋಡೋಕೆ ಇದೇನು ಹೆಣ್ಣಾ? ತುಕ್ಕಿನ ಗುಂಡಿ ನೋಡು. ಕಾರ್ಖಾನೇಲಿ ಹೊಡೆದ ಮುದ್ರೇನ ತುಕ್ಕು ತಿಂದಿರುತ್ತೆ. ಕಳ್ಳ ಹೊಡೆದದ್ದು ತುಕ್ಕಿನ ಮೇಲೇ ಕೂತಿರುತ್ತೆ, ಊಟ ಆದಮೇಲೆ ತಟ್ಟೆ ಇಟ್ಟ ಹಾಗೆ."

ಅವನು ಯಾರಿಗೂ ಸುಳ್ಳು ಪತ್ರ ಬರೆದುಕೊಟ್ಟವನಲ್ಲ. ಅದಕ್ಕೇ ಅವನ ಸಹಿಗೆ ಬೆಲೆ. ಅದಕ್ಕೇ ಮನೆಗೆ ಬಂದುಹೋಗುವವರೂ ಕಡಿಮೆ.

*

ಅವಳು ಭೂತಗನ್ನಡಿ ಹಿಡಿದು ಕೋವಿಯ ಮೇಲೆ ಬಾಗಿದಳು. ಕಿರೀಟ, ಕೆಳಗೆ ಎರಡು ಅಕ್ಷರ, ಇಸವಿ. ತುಕ್ಕು ಕೊರೆದ ಗುಂಡಿಯೊಳಕ್ಕೇ ಇಸವಿಯ ಕೊನೆಯ ಅಂಕಿ ಇಳಿದಿತ್ತು. ಅದರ ಅಂಚು ಇನ್ನೂ ಹರಿತವಾಗಿತ್ತು.

"ತುಕ್ಕು ಮೊದಲು ಬಂದಿದೆ, ಮುದ್ರೆ ಆಮೇಲೆ. ಇದನ್ನ ಅವರು ಅಸಲಿ ಅಂದಿರಲ್ಲ."

ವ್ಯಾಪಾರಿ ಮೆಲ್ಲಗೆ ನಕ್ಕ. "ಇರಬಹುದಮ್ಮ. ಅಲ್ಲ ಅನ್ನೋಕೆ ಈಗ ಅವರು ಎದ್ದು ಬರ್ತಾರಾ?"

"ನಾನಿದೀನಿ."

"ಹೆಣ ಮನೇಲಿಟ್ಟುಕೊಂಡು ಇದೇನು ಹಟ ಅತ್ತಿಗೆ?"

ಅವಳು ಕಪಾಟಿನಿಂದ ಗಂಡನ ಹೆಸರಿದ್ದ ಕಾಗದದ ಕಟ್ಟನ್ನು ತೆಗೆದಳು. ಮೈದುನನ ಮುಖ ಅರಳಿತು. ಅವಳು ಬಚ್ಚಲಿಗೆ ಹೋಗಿ ಇಡೀ ಕಟ್ಟನ್ನು ಬಕೆಟ್ಟಿನ ನೀರಿಗೆ ಅದ್ದಿ, ಮುದ್ದೆಯಾಗುವವರೆಗೂ ಹಿಸುಕಿದಳು.

ಹೊರಗೆ ವಾಹನ ಬಂದು ನಿಂತಿತು. ಹೆಗಲು ಕೊಡಲು ಒಬ್ಬ ಕಡಿಮೆ ಬಿದ್ದ. ವ್ಯಾಪಾರಿ ಕೋವಿಯನ್ನು ಮತ್ತೆ ಸುತ್ತಿ ಗೋಡೆಗೆ ಒರಗಿಸಿ, ಯಾರೂ ಕರೆಯದೆಯೇ ತಲೆಯ ಕಡೆಗೆ ಬಂದ. "ನನಗೆ ತಮ್ಮನ ಹಾಗಿದ್ದ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೆಣದ ಮೇಲಿನ ಬಿಳಿ ಬಟ್ಟೆಯನ್ನು ಸರಿಮಾಡಿದ.

ಅವನು ಕೈ ತೆಗೆದಾಗ, ಎದೆಯ ಮೇಲೆ, ಕೋವಿಯ ಎಣ್ಣೆಯಲ್ಲಿ ಐದು ಬೆರಳು ಮೂಡಿದ್ದವು.