ಮುಳುಗುವ ಮುನ್ನ ಒಂದು ಹೆಸರು

ಮರಾಠಿ ನಾಡಿನ ನಿಗಡಿಯಲ್ಲಿ ಮನೆ ಮಾಡಿದ್ದ ಶರ್ವರಿಗೆ ನೀರಿನ ಭಯ ಇರಲಿಲ್ಲ. ಪಕ್ಕದವರ ಕಾಲಿನ ಭಯ ಇತ್ತು.

ಕಳೆದ ವರ್ಷ ಕೊಲ್ಹಾಪುರದ ಕೆರೆಯಲ್ಲಿ ಆದದ್ದು ಅದೇ. ಅವಳು ಹೋಗಿದ್ದು ಟ್ರಯಥ್ಲಾನ್‌ಗೆ. ಮೊದಲು ಈಜು, ಅದು ಮುಗಿದ ಕೂಡಲೇ ಸೈಕಲ್ಲು, ಸೈಕಲ್ಲಿಂದ ಇಳಿದ ಕೂಡಲೇ ಓಟ. ಕೇಳಿದವರು ಯಾಕಪ್ಪಾ ಈ ಉಸಾಬರಿ ಅನ್ನುವಂಥ ಆಟ. ಸೀಟಿ ಊದಿದ್ದೇ ತಡ, ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದರು. ಮುಂದಿದ್ದವನ ಹಿಮ್ಮಡಿ ಶರ್ವರಿಯ ಮೂಗಿಗೆ ಬಡಿಯಿತು. ಬಾಯಿ ತುಂಬ ಕೆರೆಯ ನೀರು ಹೋಯಿತು. ಉಸಿರು ಸಿಕ್ಕಿಕೊಂಡು ಗಾಬರಿಯಲ್ಲಿ ಕೈಯೆತ್ತಿದಳು. ದೋಣಿಯವರು ಬಂದು ಎತ್ತಿಕೊಂಡರು. ಅವಳ ಹೊಸ ಸೈಕಲ್ಲು ದಡದಲ್ಲಿ ನಿಂತಲ್ಲೇ ನಿಂತಿತ್ತು.

ಬ್ಯಾಂಕಿನಲ್ಲಿ ಅಧಿಕಾರಿ, ಮನೆಯಲ್ಲಿ ಯಾರ ಮಾತಿಗೂ ಸೊಪ್ಪು ಹಾಕದವಳು. ಅವಳು ಈ ಸೋಲನ್ನು ಸುಮ್ಮನೆ ನುಂಗಿಕೊಳ್ಳುವ ಪೈಕಿ ಅಲ್ಲ.

"ಬಿಡ ಅತ್ಲಾಗ," ಎಂದ ಗಂಡ ಕೇದಾರ. "ನಾ ದಿನಾ ಇಲ್ಲಿಂದ ಊರಿನ ಆ ತುದಿ ಖರಾಡಿ ಆಫೀಸಿಗೆ ಟ್ರಾಫಿಕ್ಕಿನ್ಯಾಗ ಹೋಗಿ ಬರ್ತೀನಲ್ಲ, ಒಂದ ಮನಿಗೆ ಅದೊಂದ ಟ್ರಯಥ್ಲಾನ್ ಸಾಕು."

ಶರ್ವರಿ ನಗಲಿಲ್ಲ. ಈ ವರ್ಷ ಆ ಕೆರೆ ದಾಟಲೇಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಉಸಿರು ಹಿಡಿಯುವುದನ್ನು ರೂಢಿ ಮಾಡಿಕೊಂಡರೆ ನೀರಿನಲ್ಲಿ ಗಾಬರಿ ಕಡಿಮೆಯಾಗುತ್ತದೆ ಎಂದು ಮೊಬೈಲಿನ ಒಂದು ವಿಡಿಯೊ ಹೇಳಿತು. ಅದು ಪೂರ್ತಿ ಸುಳ್ಳೇನಲ್ಲ. ಆದರೆ ವಿಡಿಯೊ ಅರ್ಧವನ್ನಷ್ಟೇ ಹೇಳಿತ್ತು. ಉಳಿದ ಅರ್ಧವನ್ನು ಅವಳ ಅಪ್ಪ ತಮಗೆ ತಿಳಿದಂತೆ ಸೇರಿಸಿದರು.

ಅಪ್ಪ ಬಾಳಕೃಷ್ಣರಾಯರು ಧಾರವಾಡದಲ್ಲಿ ಮಾಸ್ತರರಾಗಿದ್ದವರು, ಈಗ ಮಗಳ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ಚಾಪೆ ಹಾಸಿ ಭಸ್ತ್ರಿಕಾ ಪ್ರಾಣಾಯಾಮಕ್ಕೆ ಕೂರುತ್ತಾರೆ. ಕಮ್ಮಾರನ ತಿದಿಯ ಹಾಗೆ ಗಾಳಿಯನ್ನು ಜೋರಾಗಿ ಒಳಗೆಳೆದು ಜೋರಾಗಿ ಹೊರಗೆ ಬಿಡುವುದು ಅದು. ಕೆಳಗಿನ ಮನೆಯವರು ಬಹುಕಾಲ ಅದನ್ನು ಕುಕ್ಕರ್ ಎಂದೇ ತಿಳಿದಿದ್ದರು.

"ನೀರಿಗೆ ಇಳಿಯೂ ಮೊದಲ ಕಟ್ಟಿ ಮ್ಯಾಲ ಕೂತು ಭಸ್ತ್ರಿಕಾ ಮಾಡು," ಎಂದರು ಅಪ್ಪ, ಮಗಳಿಗೆ ಆಸ್ತಿ ಬರೆದುಕೊಡುವವರ ಗತ್ತಿನಲ್ಲಿ. "ಎದಿ ತುಂಬ ಪ್ರಾಣವಾಯು ತುಂಬಿಕೋ. ಆಮ್ಯಾಲ ಮುಳುಗು. ಉಸಿರಿನ ನೆನಪು ಸುದ್ದಾ ಆಗೂದಿಲ್ಲ ನಿನಗ."

ನೆನಪು ಆಗಲೂ ಇಲ್ಲ. ಎಡವಟ್ಟಾದದ್ದು ಅಲ್ಲೇ.

ತಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಈಜುಕೊಳದಲ್ಲಿ ಶರ್ವರಿ ಕಟ್ಟೆಯ ಮೇಲೆ ಕೂತು ಅಪ್ಪ ಹೇಳಿಕೊಟ್ಟಂತೆ ಉಸಿರು ಆಡಿಸಿ, ಎದೆಮಟ್ಟದ ನೀರಿನಲ್ಲಿ ಮುಳುಗಿ ತಳದಲ್ಲಿ ಕೂತಳು. ಮೇಲಿನ ಗದ್ದಲವೆಲ್ಲ ಒಮ್ಮೆಗೇ ದೂರದೂರಿನದಾಯಿತು. ಹೆದ್ದಾರಿಯ ಲಾರಿಗಳ ಸದ್ದು ಹಿಂಜಿದ ಅರಳೆಯ ಹಾಗೆ ಮೆತ್ತಗಾಯಿತು. ಬಿಸಿಲು ನೀರಿನೊಳಗೆ ಬಂದು ನೆಲದ ನೀಲಿ ಹಂಚುಗಳ ಮೇಲೆ ಬಲೆ ನೇಯುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ನೇಯುತ್ತಿತ್ತು. ಅವಳ ಕೂದಲು ಅವಳ ಅಪ್ಪಣೆ ಕೇಳದೆ ತೇಲುತ್ತಿತ್ತು. ಬ್ಯಾಂಕಿಲ್ಲ, ಟ್ರಾಫಿಕ್ಕಿಲ್ಲ, ಮೂಗಿಗೆ ಬಡಿಯುವ ಕಾಲಿಲ್ಲ. ಉಸಿರು ಬೇಕೆನ್ನುವ ಆಸೆಯೂ ಇಲ್ಲ. ಲೋಕದಲ್ಲಿ ಇಷ್ಟು ಸುಖವಿದೆ ಎಂದು ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲ ಎನ್ನಿಸಿತು ಅವಳಿಗೆ.

ಮೇಲೆ ಬಂದಾಗ ಕಟ್ಟೆಯ ಮೇಲೆ ಭಾಮಾ ನಿಂತಿದ್ದಳು. ಭಾಮಾ ಬೆಳಗಾವಿಯವಳು, ಪಕ್ಕದ ಬಿಲ್ಡಿಂಗಿನ ಗೆಳತಿ, ಅವಳದೂ ಇದೇ ಟ್ರಯಥ್ಲಾನ್ ಹುಚ್ಚು. ದವಾಖಾನೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ನಿಗೆ ಮಲಗಿದವರ ಉಸಿರು ಕಾಯುವುದೇ ಅವಳ ಉದ್ಯೋಗ.

"ಏನ್ ನಡೀತದ ಇದು?" ಎಂದಳು ಭಾಮಾ.

"ಉಸಿರಿನ ಸಾಧನಾ. ನೀನೂ ಬಾ, ಭಾಳ ಚಲೋ ಅನಸ್ತದ."

"ಮುಳುಗೂಕಿಂತ ಮೊದಲ ಭುಸುಭುಸು ಮಾಡಿದೆಲ್ಲ, ಅದು ಯಾಕ?"

"ಭಸ್ತ್ರಿಕಾ. ಅಪ್ಪ ಹೇಳಿಕೊಟ್ರು. ಪ್ರಾಣವಾಯು ಜಾಸ್ತಿ ತುಂಬತದ."

ಭಾಮಾ ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. "ತುಂಬೂದಿಲ್ಲ, ಶರ್ವರಿ. ಪ್ರಾಣವಾಯು ರಕ್ತದಾಗ ಮೊದಲಽ ತುಂಬಿರ್ತದ. ಭುಸುಭುಸು ಮಾಡಿದ್ರ ಖಾಲಿ ಆಗೂದು ನಾವು ಹೊರಗ ಬಿಡೂ ಹೊಲಸ ಗಾಳಿ. ಉಸಿರು ತಗೋ, ಉಸಿರು ತಗೋ ಅಂತ ನಮ್ಮ ಮೈ ಒದರತದಲ್ಲ, ಅದು ಒದರೂದು ಹೊಲಸ ಗಾಳಿ ಹೆಚ್ಚಾದಾಗ. ನೀ ಅದನ್ನಽ ಮೊದಲ ಹೊರಗ ಹಾಕಿಬಿಟ್ರ, ಒದರೂದು ಬಂದ್. ಒಳಗ ಪ್ರಾಣವಾಯು ಮಾತ್ರ ಖರ್ಚಾಗಕೋತ ಹೋಗ್ತದ. ಒಂದ ಹೊತ್ನ್ಯಾಗ ದೀಪ ಆರಿದಂಗ ಎಚ್ಚರ ತಪ್ತದ. ನಿನಗ ಗೊತ್ತಽ ಆಗೂದಿಲ್ಲ."

"ನನಗೇನೂ ತ್ರಾಸ ಆಗಿಲ್ಲಲ್ಲ?"

"ಅದಽ ನನ್ನ ಅಂಜಿಕಿ. ತ್ರಾಸ ಆಗಿದ್ರ ನೀ ಮ್ಯಾಲ ಬರ್ತಿದ್ದಿ."

"ನಿಮ್ಮ ಡಾಕ್ಟರ ಮಂದಿಗೆ ಎಲ್ಲಾದ್ರಾಗೂ ಸಾವಽ ಕಾಣ್ತದ ನೋಡು," ಎಂದು ಶರ್ವರಿ ನಕ್ಕಳು. "ಎದಿಮಟ್ಟದ ನೀರು. ಎದ್ದು ನಿಂತ್ರ ಮುಗೀತು."

"ಎಚ್ಚರ ಇದ್ದವರು ಎದ್ದು ನಿಲ್ತಾರ," ಎಂದಳು ಭಾಮಾ. "ಒಬ್ಬಾಕಿನಽ ಮಾಡಬ್ಯಾಡ. ನಾ ಇದ್ದಾಗ ಮಾಡು. ಒಬ್ಬರು ಮುಳುಗಬೇಕು, ಒಬ್ಬರು ನೋಡಬೇಕು."

ಶರ್ವರಿ ಹೂಂ ಅಂದಳು. ಅವಳ ಹೂಂ ಎಂಥದು ಎನ್ನುವುದು ಕೇದಾರನನ್ನು ಕೇಳಿದರೆ ತಿಳಿಯುತ್ತಿತ್ತು.

ಮುಂದಿನ ಭಾನುವಾರ ಭಾಮಾ ಬರುವುದು ತಡವಾಯಿತು. ಶರ್ವರಿಗೆ ತಾಳ್ಮೆ ಇರಲಿಲ್ಲ. ನೀಲಿ ಬಲೆ ಅವಳನ್ನು ವಾರವಿಡೀ ಕರೆದಿತ್ತು. ಬ್ಯಾಂಕಿನ ಕೌಂಟರಿನ ಹಿಂದೆ ಕೂತಾಗಲೂ ಕಣ್ಣು ಮುಚ್ಚಿದರೆ ಆ ಮೆತ್ತಗಿನ ಸದ್ದು ಕೇಳುತ್ತಿತ್ತು. ಕೊಳದ ಜೀವರಕ್ಷಕ ಅವಧೂತ ಎತ್ತರದ ಕುರ್ಚಿಯ ಮೇಲಿದ್ದ. ಒಳ್ಳೆಯ ಕೆಲಸಗಾರ. ಹಿಂದಿನ ಸಲ ಅವಳು ಮತ್ತೊಮ್ಮೆ ಮುಳುಗಿ ತಳದಲ್ಲಿ ಕೂತಾಗ ಗಾಬರಿಯಾಗಿ ಎರಡು ಬಾರಿ ಸೀಟಿ ಊದಿ ಅವಳ ಸುಖ ಕೆಡಿಸಿದ್ದ. ಅದಕ್ಕೇ ಶರ್ವರಿ ಮೊದಲೇ ಅವನ ಹತ್ತಿರ ಹೋಗಿ, ತಾನು ಕೆಳಗೆ ಅಲ್ಲಾಡದೆ ಕೂತಿರುತ್ತೇನೆ, ಅದು ಪ್ರಾಕ್ಟೀಸು, ಚಿಂತೆ ಮಾಡಬೇಡಿ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದಳು. "ಕಾಳಜಿ ಕರೂ ನಕಾ," ಎಂದು ಇನ್ನೊಮ್ಮೆ ಒತ್ತಿ ಹೇಳಿದಳು. ತನ್ನನ್ನು ಕಾಯುತ್ತಿದ್ದ ಒಂದೇ ಒಂದು ಜೋಡಿ ಕಣ್ಣನ್ನು ತನ್ನ ಕೈಯಾರೆ ಆಚೆ ತಿರುಗಿಸಿದಳು.

ಆಮೇಲೆ ಕಟ್ಟೆಯ ಮೇಲೆ ಕೂತು, ತಲೆ ಜುಮ್ಮೆನ್ನುವ ತನಕ ಭಸ್ತ್ರಿಕಾ ಮಾಡಿ ಮುಳುಗಿದಳು.

ಅಂದಿನ ನೀರು ಹಿಂದೆಂದಿಗಿಂತ ಮೃದುವಾಗಿತ್ತು. ಬೆಳಕಿನ ಬಲೆ ಅಗಲವಾಗುತ್ತಾ ಬಂತು. ಅದರೊಳಗಿಂದ ಧಾರವಾಡದ ಮನೆಯ ಹಿತ್ತಿಲು ತೆರೆದುಕೊಂಡಿತು. ತಂತಿಯ ಮೇಲೆ ಅವ್ವನ ಇಳಕಲ್ ಸೀರೆ ಒಣಗುತ್ತಿತ್ತು, ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿದೆ ಎನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೀರೆಯ ಆಚೆಯಿಂದ ಯಾರೋ ಅಕ್ಕಿ ಆರಿಸುವ ಸದ್ದು ಬರುತ್ತಿತ್ತು. ಶರ್ವರಿ ಸೆರಗು ಸರಿಸಿ ನೋಡಬೇಕೆಂದು ಕೈ ಮುಂದೆ ಮಾಡಿದಳು.

ಅಷ್ಟರಲ್ಲಿ ಯಾರೋ ಕೆನ್ನೆಗೆ ಹೊಡೆದರು. ಮುಖದ ಮೇಲೆ ಯಾರೋ ಊದುತ್ತಿದ್ದರು. "ಉಸಿರು ತಗೋ! ಶರ್ವರಿ, ಉಸಿರು ತಗೋ!" ಎಂದು ಯಾರೋ ಕಿರುಚುತ್ತಿದ್ದರು. ಅವಳ ಎದೆ ಒಮ್ಮೆ ಜಗ್ಗಿತು. ಗಾಳಿ ಗರಗಸದ ಹಾಗೆ ಒಳಗೆ ಬಂತು. ಕಣ್ಣು ಬಿಟ್ಟರೆ ಬಿಸಿಲು, ಭಾಮಾಳ ತೊಯ್ದ ಮುಖ, ಪಕ್ಕದಲ್ಲಿ ಬಿಳಿಚಿಕೊಂಡ ಅವಧೂತ.

ಶರ್ವರಿ ಆಡಿದ ಮೊದಲ ಮಾತು: "ಯಾಕ ಎಬ್ಬಿಸಿದಿ? ಭಾಳ ಚಲೋ ಇತ್ತು."

ಭಾಮಾ ಮೈಮೇಲಿನ ಚೂಡಿದಾರ ಸಮೇತ ನೀರಿಗೆ ಹಾರಿದ್ದಳು. ಅವಳು ಗೇಟಿನೊಳಗೆ ಬಂದು ಶರ್ವರಿ ಎಲ್ಲಿ ಎಂದು ಕೇಳಿದಾಗ ಅವಧೂತ ನೀರಿನತ್ತ ಬೆರಳು ತೋರಿಸಿ, ಪ್ರಾಕ್ಟೀಸ್ ನಡೆದಿದೆ ಎಂದಿದ್ದ. ಭಾಮಾ ನೋಡಿದಳು. ಕೂತಿರಬೇಕಾದವಳು ಮಗ್ಗುಲಾಗಿದ್ದಳು, ಕೈಕಾಲು ಸಡಿಲವಾಗಿ ತೇಲುತ್ತಿದ್ದವು. ಭಾಮಾ ಹಾರಿದಾಗಲೇ ಅವಧೂತನಿಗೂ ತಿಳಿಯಿತು. ಇಬ್ಬರೂ ಸೇರಿ ಎತ್ತಿದರು. ಈಗ ಗೆಳತಿಯ ಆ ಮಾತು ಕೇಳಿ ಭಾಮಾ ಒದ್ದೆ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು.

ಆ ಅಳು ಕಂಡಮೇಲೆಯೇ ಶರ್ವರಿಗೆ ತಾನು ಎಲ್ಲಿಗೆ ಹೋಗಿದ್ದೆ ಎಂದು ಅರ್ಥವಾಯಿತು.

ತನಗೇನೂ ಆಗಿಲ್ಲ, ಮನೆಗೆ ಹೋಗುತ್ತೇನೆ ಎಂದು ಅವಳು ಹಟ ಹಿಡಿದರೂ ಭಾಮಾ ಕೇಳಲಿಲ್ಲ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತಾಸುಗಟ್ಟಲೆ ಆದಮೇಲೂ ಕಾಡುತ್ತದೆ ಎಂದು ದವಾಖಾನೆಗೆ ಕರೆದೊಯ್ದಳು. ಸಂಜೆ ಅವಳನ್ನು ಮನೆಗೆ ತಂದು ಬಿಟ್ಟಾಗ ಬಾಳಕೃಷ್ಣರಾಯರು ಬಾಗಿಲಲ್ಲೇ ನಿಂತಿದ್ದರು. ನಡೆದದ್ದೆಲ್ಲ ಕೇಳಿದರು. ಒಪ್ಪಲು ಅವರ ಮನಸ್ಸು ತಯಾರಿರಲಿಲ್ಲ.

"ಭಾಮಾ, ಪ್ರಾಣಾಯಾಮಕ್ಕ ಹೆಸರಿಡಬ್ಯಾಡವಾ. ಇಷ್ಟ ವರ್ಷ ಮಾಡೀನಿ. ನನಗೇನಾಗೇದ?"

"ನಿಮಗೇನೂ ಆಗೂದಿಲ್ರಿ ಕಾಕಾ. ನೀವು ಎಲ್ಲಿ ಕೂತು ಮಾಡ್ತೀರಿ?"

"ಚಾಪಿ ಮ್ಯಾಲ."

"ಒಮ್ಮೊಮ್ಮೆ ತಲಿ ಗಿರ್ ಅಂತದಲ್ರಿ, ಆಗ?"

"ಹಿಂದ ಗೋಡಿ ಅದ. ಆತುಕೊಂಡು ಕೂಡ್ತೀನಿ."

"ನೀರಾಗ ಗೋಡಿ ಎಲ್ಲದರಿ ಕಾಕಾ?" ಎಂದಳು ಭಾಮಾ ಮೆಲ್ಲಗೆ. "ಚಾಪಿ ಮ್ಯಾಲ ಎಚ್ಚರ ತಪ್ಪಿದ್ರ ಮೈ ತಾನಽ ಉಸಿರು ತಗೋತದ. ನೀರಾಗೂ ತಗೋತದ. ಆದರ ಒಳಗ ಹೋಗೂದು ಗಾಳಿ ಅಲ್ಲ."

ರಾಯರು ಮಗಳ ಮುಖ ನೋಡಿದರು. ಒಳಗೆ ಹೋಗಿ ಒಂದು ಲೋಟ ಬಿಸಿ ಹಾಲು ತಂದು ಶರ್ವರಿಯ ಕೈಗೆ ಕೊಟ್ಟು, ಅವಳು ಕುಡಿದು ಮುಗಿಸುವ ತನಕ ಮುಂದೆಯೇ ನಿಂತರು. ಆಮೇಲೆ ಕೇಳಿದರು: "ಹಂಗಾದ್ರ ಈಕಿ ಕೆರಿ ದಾಟೂದು ಹ್ಯಾಂಗವಾ?"

"ದಾಟ್ತಾಳ್ರಿ. ಹ್ಯಾಂಗ ಅಂತ ನಾ ಹೇಳ್ತೀನಿ."

ಹಾಗೆ ಶುರುವಾಯಿತು ಹೊಸ ರೂಢಿ. ಉಸಿರು ಹಿಡಿಯುವುದನ್ನು ಬಹುಪಾಲು ನೆಲದ ಮೇಲೆಯೇ, ಸೋಫಾದಲ್ಲಿ ಒರಗಿ ಮಾಡಿದರು. ನೀರಿನಲ್ಲಾದರೆ ಭುಸುಭುಸು ಇಲ್ಲ. ಎಂದಿನ ಸಹಜ ಉಸಿರು, ಮೈ ಮೊದಲ ಸಲ ಬೇಕು ಅಂದ ಕೂಡಲೇ ಮೇಲೆ, ಆಮೇಲೆ ಸಾಕಷ್ಟು ವಿಶ್ರಾಂತಿ. ನಿನಗಿಂತ ನಾನು ಹೆಚ್ಚು ಎಂಬ ಪಂದ್ಯ ಇಲ್ಲ. ಒಬ್ಬಳು ಮುಳುಗಿದರೆ ಇನ್ನೊಬ್ಬಳು ಕೈಗೆಟುಕುವ ಹತ್ತಿರ ನಿಲ್ಲಬೇಕು. ಅದಕ್ಕಿಂತ ಹೆಚ್ಚು ಹೊತ್ತು ಅವರು ಕಲಿತದ್ದು ಬೇರೆಯೇ: ನೀರಿನಲ್ಲಿ ನಿಧಾನವಾಗಿ ಉಸಿರು ಬಿಡುವುದು, ಎಡಕ್ಕೂ ಬಲಕ್ಕೂ ಹೊರಳಿ ಉಸಿರು ತೆಗೆದುಕೊಳ್ಳುವುದು, ಗಾಬರಿಯಾದರೆ ಅಂಗಾತ ತಿರುಗಿ ಆಕಾಶ ನೋಡುತ್ತಾ ತೇಲುವುದು. ಬೇಕೆಂದೇ ಒಬ್ಬರಿಗೊಬ್ಬರು ಕಾಲು ತಾಗಿಸಿಕೊಂಡು ಈಜುವುದನ್ನೂ ಅಭ್ಯಾಸ ಮಾಡಿದರು. ಶರ್ವರಿ ಅವಧೂತನ ಬಳಿ ಹೋಗಿ, ಅಂದು ಹೇಳಿದ್ದು ತನ್ನ ತಪ್ಪು, ಇನ್ನು ಮೇಲೆ ಸಂಶಯ ಬಂದರೆ ಸೀಟಿ ಊದಲೇಬೇಕು ಎಂದಳು.

ಮೂರನೆಯ ಕಾವಲು ಯಾರೂ ಕರೆಯದೆ ಬಂತು. ಬಾಳಕೃಷ್ಣರಾಯರು ಭಾನುವಾರ ಬೆಳಿಗ್ಗೆ ಬಾಲ್ಕನಿಯ ಚಾಪೆ ಬಿಟ್ಟು ಕೊಳದ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಪಕ್ಕದವರು ಪೇಪರ್ ಚಾಚಿದರೆ ತೆಗೆದುಕೊಳ್ಳುವುದಿಲ್ಲ. ಫೋನು ಬಂದರೆ ಎತ್ತುವುದಿಲ್ಲ. ಒಮ್ಮೆ ಕೇದಾರ ಚಹಾ ತಂದು ಮುಂದೆ ಹಿಡಿದ. ರಾಯರು ನೀರಿನಿಂದ ಕಣ್ಣು ಕೀಳಲಿಲ್ಲ.

"ತಡಿಯಪಾ. ಮೊದಲ ಆಕಿ ಮ್ಯಾಲ ಬರಲಿ."

ಕೇದಾರ ಕಪ್ಪು ಹಿಡಿದುಕೊಂಡೇ ನಿಂತ. ಅವನೂ ನೀರಿನತ್ತ ನೋಡತೊಡಗಿದ.

ಆ ವರ್ಷ ಶರ್ವರಿ ಕೆರೆ ದಾಟಿದಳು. ಕೊನೆಯ ಕೆಲವರಲ್ಲಿ ಒಬ್ಬಳಾಗಿ, ನಡುವೆ ಎರಡು ಸಲ ಅಂಗಾತ ತೇಲಿ, ಯಾರದೋ ಕಾಲಿನ ಏಟು ತಿಂದು, ತನ್ನದೂ ಒಂದೆರಡು ಕೊಟ್ಟು ದಾಟಿದಳು. ಆ ನೀಲಿ ಕನಸು ಈಗಲೂ ಅವಳನ್ನು ಕರೆಯುತ್ತದೆ. ಕರೆದರೆ ಅವಳು ಒಬ್ಬಳೇ ಹೋಗುವುದಿಲ್ಲ, ಅಷ್ಟೆ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕೊಳವಿರಲಿ, ಬಾವಿಯಿರಲಿ, ಕೆರೆಯಿರಲಿ, ಉಸಿರು ಹಿಡಿದು ಮುಳುಗುವ ಆಸೆ ನಿಮಗೂ ಇರಬಹುದು. ಚೆನ್ನಾಗಿ ಈಜಲು ಬರುತ್ತದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಎಚ್ಚರ ತಪ್ಪಿದವರಿಗೆ ಈಜು ಮರೆತಿರುತ್ತದೆ. ಮುಳುಗುವ ಮೊದಲು ಜೋರುಜೋರಾಗಿ ಉಸಿರಾಡಬೇಡಿ. ಯಾರಾದರೂ ನೀರೊಳಗೆ ಸುಮ್ಮನಾದರೆ ಪ್ರಾಕ್ಟೀಸು ಇರಬಹುದು ಎಂದು ಕಾಯದೆ ಮೊದಲು ಮುಖವನ್ನು ನೀರಿನಿಂದ ಮೇಲೆತ್ತಿ, ಕೂಗಿ ಜನ ಕರೆಯಿರಿ. ಉಸಿರಾಡದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಎದ್ದು ನಕ್ಕರೂ ದವಾಖಾನೆಗೆ ಕರೆದೊಯ್ಯಿರಿ.

ಮತ್ತು ನೀರಿಗೆ ಇಳಿಯುವ ಮುನ್ನ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ: ಈಗ ನನ್ನ ಮೇಲೆ ಕಣ್ಣಿಟ್ಟವರು ಯಾರು? ಒಂದು ಹೆಸರು ಬಾಯಿಗೆ ಬಂದರೆ ಇಳಿಯಿರಿ. ಬಾರದಿದ್ದರೆ ಇವತ್ತು ಕಟ್ಟೆಯ ಮೇಲೆ ಕೂತು, ಇಳಿದವರನ್ನು ಕಾಯಿರಿ.