ಜಾಲರಿಗೆ ಒರಗಿಸಿದ ಕಲ್ಲು

ಪ್ರಾಣಿಶಾಸ್ತ್ರದ ಮೇಷ್ಟ್ರು ಹಲ್ಲುಜ್ಜಿ ಬರುವಷ್ಟರಲ್ಲಿ ಹಜಾರವೆಲ್ಲ ನೀರಾಗಿತ್ತು. ಗುಡ್ಡತಲೆಯ ಮೀನುತೊಟ್ಟಿಯ ಮೂಲೆಯಲ್ಲಿ ಗಾಜಿನ ಅಂಟು ಬಿಟ್ಟುಕೊಂಡಿತ್ತು. ಹಣೆ ಉಬ್ಬಿದ ಆ ಫ್ಲವರ್‌ಹಾರ್ನ್ ಮೀನಿಗೆ ಆ ಹೆಸರಿಟ್ಟವಳು ಮಗಳು. ಮೇಷ್ಟ್ರು ಅದನ್ನು ಬಟ್ಟೆ ನೆನೆಸುವ ಟಬ್ಬಿಗೆ ಹಾಕಿದರು. ನಲ್ಲಿಯ ತಣ್ಣೀರಿನಲ್ಲಿ ಅದು ಒಂದು ಮಗ್ಗುಲಿಗೆ ವಾಲಿ ಬಾಯಿ ಬಿಡತೊಡಗಿತು.

ಅದು ಮಗಳು ಬರುವ ಶನಿವಾರ. ಬಿಟ್ಟುಹೋದ ಹೆಂಡತಿ ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದಳು: "ನೋಡಿ, ಸುಮ್ನೆ ಆಸೆ ಇಟ್ಕೋಬೇಡಿ. ಅವಳು ಬರೋದು ಆ ಗುಡ್ಡತಲೆ ನೋಡೋಕೆ, ನಿಮ್ಮನ್ನಲ್ಲ. ಆ ಹುಚ್ಚು ಬಿಟ್ಟ ದಿನ ನಾನಂತೂ ಬಲವಂತ ಮಾಡಿ ಕಳಿಸಲ್ಲ."

ಅದು ನಿಜವೆಂದು ಮೇಷ್ಟ್ರಿಗೂ ಗೊತ್ತಿತ್ತು.

ಬೆಚ್ಚಗಿನ ನೀರಿದ್ದದ್ದು ಒಳಕೋಣೆಯ ಇನ್ನೊಂದು ತೊಟ್ಟಿಯಲ್ಲಿ, ಮುನಿಸಿಯದರಲ್ಲಿ ಮಾತ್ರ. ಮುನಿಸಿ ಆಸ್ಕರ್ ಮೀನು. ನೀರು ಬದಲಾಯಿಸಿದರೆ ಸಾಕು, ತಳದಲ್ಲಿ ಅಡ್ಡ ಬಿದ್ದು ದಿನವಿಡೀ ಮುಖ ಊದಿಸಿಕೊಳ್ಳುತ್ತಿತ್ತು. ಗುಡ್ಡತಲೆಯೋ, ಗಾಜಿನಾಚೆ ಬೆರಳು ಕಂಡರೂ ಹಾಯುವ ಜಾತಿ. ಯಾವುದು ಯಾವುದನ್ನು ಕೊಲ್ಲುತ್ತದೆ ಎಂಬುದರಲ್ಲಿ ಮೇಷ್ಟ್ರಿಗೆ ಅನುಮಾನವಿರಲಿಲ್ಲ.

ತರಕಾರಿ ಕ್ರೇಟಿನ ಒಂದು ಪಕ್ಕ ಕತ್ತರಿಸಿ, ಆ ಜಾಲರಿಯನ್ನು ತೊಟ್ಟಿಯ ನಡುವೆ ನಿಲ್ಲಿಸಿದರು. ಗುಡ್ಡತಲೆ ಗುದ್ದಿದರೆ ಬೀಳಬಾರದೆಂದು ಮುನಿಸಿಯ ಕಡೆಯಿಂದ ಕಲ್ಲುಗಳನ್ನು ಒರಗಿಸಿದರು. ಗುಡ್ಡತಲೆಯ ಕಡೆಯಿಂದ ಬಲವಾಗಿ ಒತ್ತಿ ನೋಡಿದರು. ಜಾಲರಿ ಅಲುಗಲಿಲ್ಲ. ಗುಡ್ಡತಲೆಯನ್ನು ತಂದು ಆ ಕಡೆಗೆ ಬಿಟ್ಟರು.

"ಏನಪ್ಪ, ಮನೇಲೇ ಈಜುಕೊಳ ಮಾಡ್ಕೊಂಡ್ಯಾ?" ಬಾಗಿಲಲ್ಲೇ ಚಪ್ಪಲಿ ಕಳಚಿ, ಲಂಗ ಎತ್ತಿಕೊಂಡು ಮಗಳು ಒಳಗೆ ಬಂದಳು. "ಗುಡ್ಡತಲೆ ಎಲ್ಲಿ?"

"ಮುನಿಸಿ ಮನೇಲಿ ಬಾಡಿಗೆಗಿದಾನೆ."

ನಗುತ್ತಾ ಒಳಕೋಣೆಗೆ ಓಡಿದವಳು ಚೀರಿದಳು.

ಜಾಲರಿ ಗುಡ್ಡತಲೆಯ ಕಡೆಗೆ ಮಗುಚಿಕೊಂಡಿತ್ತು. ಕಲ್ಲುಗಳು ನಿಂತಲ್ಲೇ ನಿಂತಿದ್ದವು. ಮುನಿಸಿ ಅವುಗಳ ಮೇಲಿನಿಂದ ಹಾದು ಮತ್ತೆ ಮತ್ತೆ ನುಗ್ಗುತ್ತಿತ್ತು. ಬಣ್ಣ ಕಳೆದುಕೊಂಡ ಗುಡ್ಡತಲೆ ಹೀಟರಿನ ಹಿಂದೆ ತಲೆ ತೂರಿಸಿ ನಿಂತಿತ್ತು, ಬಾಲ ಚಿಂದಿಯಾಗಿತ್ತು. ತಿರುಗಿ ಒಂದೇಟು ಕೊಡುವ ಪ್ರಯತ್ನವನ್ನೂ ಅದು ಮಾಡಲಿಲ್ಲ.

ಮೇಷ್ಟ್ರು ತೋಳು ಮುಳುಗಿಸಿ ಎತ್ತಿ, ಅದೇ ತೊಟ್ಟಿಯ ನೀರು ತುಂಬಿದ ಬಕೆಟ್ಟಿಗೆ ಅದನ್ನು ಬಿಟ್ಟರು. ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗಾಳಿಯ ಕೊಳವೆ ಹಿಡಿದಳು. ಊಟಕ್ಕೂ ಏಳಲಿಲ್ಲ.

"ಕಲ್ಲೆಲ್ಲ ಯಾಕಪ್ಪ ಒಂದೇ ಕಡೆ ಇಟ್ಟೆ?"

"ಗುಡ್ಡತಲೇನೇ ಜೋರು ಅಂತ. ಅವನೇ ಮೇಲೆ ಬೀಳ್ತಾನೆ ಅಂದ್ಕೊಂಡೆ."

"ಅದು ಮುನಿಸಿ ಮನೆ ಅಲ್ವಾ? ಬೇರೆಯವರ ಮನೆಗೆ ಹೋಗಿ ಯಾರಾದ್ರೂ ಜೋರು ಮಾಡ್ತಾರಾ?" ಅವಳು ತಲೆ ಎತ್ತಲಿಲ್ಲ. "ಅಲ್ಲಿ ಅಣ್ಣಂದಿರಿಬ್ಬರೂ ನನ್ನ ಮಂಚ ತಗೊಂಡ್ರು. ನಾನೇನೂ ಅನ್ನಲಿಲ್ಲ."

ಅಣ್ಣಂದಿರೆಂದರೆ ಅವಳಮ್ಮನ ಹೊಸ ಗಂಡನ ಮಕ್ಕಳು. ನನ್ನ ಮಗಳು ಗಟ್ಟಿಗಿತ್ತಿ, ಅವರನ್ನೇ ಅಳಿಸಿಯಾಳು ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದರೋ.

"ಮತ್ತೆ ಎಲ್ಲಿ ಮಲಗ್ತೀಯ, ಪುಟ್ಟಾ?"

"ಬಟ್ಟೆ ಬೀರು ಪಕ್ಕ. ಅಮ್ಮಂಗೆ ಹೇಳ್ಬೇಡ."

ಕೆಳಗೆ, ಅವಳನ್ನು ಕರೆದೊಯ್ಯಲು ಬಂದ ಅಮ್ಮನ ಕಾರಿನ ಹಾರ್ನ್ ಕೇಳಿಸಿತು. ಒಂದು ಸಲ, ಮತ್ತೊಂದು ಸಲ.

"ಅಪ್ಪ, ಗುಡ್ಡತಲೆ ಇನ್ನೂ ಉಸಿರಾಡ್ತಿದಾನೆ, ಈಗ್ಲೇ ಬರೋಕಾಗಲ್ಲ ಅಂತ ಹೇಳು. ಹೇಳಪ್ಪ."

ಮೇಷ್ಟ್ರು ಬಕೆಟ್ಟಿನತ್ತ ಬಾಗಿದರು. ಕೊಳವೆಯ ಗುಳ್ಳೆಗಳು ತಾಗಿದಾಗ ಹರಿದ ರೆಕ್ಕೆ ಅಲುಗುತ್ತಿತ್ತು, ಅಷ್ಟೇ. ಕಿವಿರು ಆಡುವುದು ಯಾವಾಗಲೋ ನಿಂತಿತ್ತು. ಅವರು ನೋಡುತ್ತಲೇ ಇದ್ದರು, ಮತ್ತೊಮ್ಮೆ ಆಡೀತೇ ಎಂದು.

ಹಾರ್ನ್ ಮೂರನೇ ಸಲ ಕೂಗಿತು. ಮೇಷ್ಟ್ರು ಕಿಟಕಿ ತೆರೆದು, ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಇನ್ನೂ ಉಸಿರಾಡ್ತಿದೆ! ಇವತ್ತು ಇಲ್ಲೇ ಇರ್ತಾಳೆ!"